ಗಾಜಿನ ಮೇಲಿನ ಬೂದು ಚೌಕ

ರೆಜ್ ಹಾಲೆಟ್ ಜೀವನದಲ್ಲಿ ಯಾರ ಬಾಕಿಯನ್ನೂ ಇಟ್ಟುಕೊಂಡವನಲ್ಲ. ದಕ್ಷಿಣ ಲಂಡನ್ನಿನ ಬೀದಿಗಳಲ್ಲಿ ಗ್ಯಾಸ್ ಒಲೆ, ಬಾಯ್ಲರ್ ರಿಪೇರಿ ಮಾಡಿಕೊಂಡು ಆಯುಷ್ಯ ಸವೆಸಿದ ಮನುಷ್ಯ. ಬಾಗಿಲಿನ ಅಂಚೆ ಸೀಳಿನಿಂದ ಬಿಲ್ಲು ಒಳಗೆ ಬಿದ್ದರೆ ಅದು ನೆಲ ಮುಟ್ಟುವ ಮೊದಲೇ ಕಟ್ಟಿ ಮುಗಿಸುತ್ತಾನೆ ಎಂದು ಹೆಂಡತಿ ಬೆರಿಲ್ ಚುಡಾಯಿಸುತ್ತಿದ್ದಳು. ಅಂಥವನ ಮನೆಗೆ, ಬೆರಿಲ್‌ಳ ಬೂದಿಯನ್ನು ಅವಳಿಷ್ಟದ ಗುಲಾಬಿ ಗಿಡದ ಬುಡಕ್ಕೆ ಹಾಕಿ ಇನ್ನೂ ಮಣ್ಣು ಆರಿರಲಿಲ್ಲ, ದಂಡದ ನೋಟಿಸು ಬಂತು. ಊರಿನ ನಡುಭಾಗಕ್ಕೆ ಗಾಡಿ ತಂದವರು ಅಂದಂದಿಗೆ ಕಟ್ಟಬೇಕಾದ ಸುಂಕವನ್ನು ಇವನು ಕಟ್ಟಿಲ್ಲವಂತೆ.

ಆಗ ಅಡುಗೆಮನೆಯಲ್ಲಿ ಬೆರಿಲ್‌ಳ ತಂಗಿ ಮಾರೀನ್ ಇದ್ದಳು. ಅಕ್ಕ ಹೋದಾಗಿನಿಂದ ದಿನವೂ ಏನಾದರೂ ಬೇಯಿಸಿಕೊಂಡು ಬಂದು, ಅದನ್ನು ಅವನು ತಿನ್ನುವವರೆಗೂ ಎದುರಿಗೆ ಕುಳಿತಿರುತ್ತಿದ್ದಳು. ವಯಸ್ಸಿದ್ದಾಗ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತಿದ್ದವಳು. ಕೆಲಸ ಬಿಟ್ಟರೂ ಗದರುವ ಗಂಟಲು ಬಿಟ್ಟಿರಲಿಲ್ಲ.

"ಏನದು ರೆಜ್? ಕೌನ್ಸಿಲ್‌ನವರದ್ದಾ? ಕಸದ ಡಬ್ಬಿ ಮತ್ತೆ ತಪ್ಪು ದಿನ ಹೊರಗಿಟ್ಯಾ?"

"ಸುಂಕ ಕಟ್ಟಿಲ್ವಂತೆ. ಬೆರಿಲ್‌ನ ಆಸ್ಪತ್ರೆಗೆ ಕರ್ಕೊಂಡು ಹೋದ್ನಲ್ಲ, ಆವತ್ತಿಂದು."

"ಥೂ ಇವರ ಮುಖಕ್ಕಿಷ್ಟು!" ಮಾರೀನ್ ಕಾಗದ ಕಿತ್ತುಕೊಂಡು ಕನ್ನಡಕ ಏರಿಸಿದಳು. "ಸಾಯೋರ್ನ ಕರ್ಕೊಂಡು ಹೋಗೋಕೂ ಸುಂಕ. ಬೇಗ ಕಟ್ಟಿದ್ರೆ ಅರ್ಧಕ್ಕೆ ಬಿಡ್ತಾರಂತೆ ನೋಡು, ಬಟ್ಟೆ ಅಂಗಡಿಯೋರ ಥರ. ಕಟ್ಟಿ ಬಿಸಾಕು, ಪೀಡೆ ತೊಲಗ್ಲಿ."

ರೆಜ್ ಮೆಲ್ಲಗೆ ಕಾಗದವನ್ನು ವಾಪಸು ತೆಗೆದುಕೊಂಡ. "ಇಲ್ಲ. ತಕರಾರು ಹಾಕ್ತೀನಿ."

ಮಾರೀನ್ ಕೈಯಲ್ಲಿದ್ದ ಚಹಾದ ಬಟ್ಟಲು ಹಾಗೆಯೇ ನಿಂತಿತು. "ನೀನು? ಅಂಗಡಿಯೋನು ಒಡೆದ ಹಾಲು ಕೊಟ್ರೂ ಥ್ಯಾಂಕ್ಸ್ ಹೇಳಿ ಮನೆಗೆ ತರೋ ನೀನು?"

"ಹೂಂ."

"ದೇವ್ರೇ, ಬೆರಿಲ್ ಇದನ್ನ ಕೇಳೋಕಾದ್ರೂ ಇರ್ಬೇಕಿತ್ತು," ಎಂದು ಮಾರೀನ್ ನಕ್ಕಳು, ನಕ್ಕ ಬಾಯಲ್ಲೇ ಅತ್ತಳು, ಅಳು ಮುಗಿಯುವುದರೊಳಗೆ ಪೆನ್ನು ಹುಡುಕಲು ಎದ್ದಳು. ಕಚೇರಿಗಳ ಜೊತೆ ಜಗಳವೆಂದರೆ ಅವಳಿಗೆ ಹಬ್ಬ. ಭಾವ ಕೊನೆಗೂ ಬೆನ್ನು ನೆಟ್ಟಗೆ ಮಾಡಿ ನಿಂತ, ದುಃಖ ಅವನನ್ನು ಮನುಷ್ಯನನ್ನಾಗಿ ಮಾಡಿತು ಎಂದು ಅವಳು ತಿಳಿದುಕೊಂಡಳು.

ಪಾಪ, ಅವಳು ತಿಳಿದದ್ದು ತಪ್ಪು. ರೆಜ್‌ಗೆ ದಂಡದ ಮೇಲೆ ಕೋಪವೇ ಇರಲಿಲ್ಲ. ಅವನ ಕಣ್ಣು ನೆಟ್ಟಿದ್ದು ನೋಟಿಸಿನ ಮೇಲ್ತುದಿಯಲ್ಲಿ ಅಚ್ಚಾಗಿದ್ದ ಸಣ್ಣ ಫೋಟೋದ ಮೇಲೆ. ಅವನ ಹಳೆಯ ನೀಲಿ ಕಾರಿನ ಮುಂಭಾಗ, ಸ್ಪಷ್ಟವಾದ ನಂಬರು. ಮುಂದಿನ ಗಾಜಿನ ಮೇಲೆ ಮಾತ್ರ ಅಕ್ಕಪಕ್ಕದಲ್ಲಿ ಎರಡು ಬೂದು ಚೌಕ. ಗಾಡಿಯಲ್ಲಿದ್ದವರ ಮುಖ ಬೇರೆಯವರಿಗೆ ಕಾಣಬಾರದೆಂದು ಕಚೇರಿಯೇ ಮುಚ್ಚಿದ ಚೌಕಗಳು ಅವು. ಒಂದು ಅವನದು. ಇನ್ನೊಂದರ ಹಿಂದೆ ಬೆರಿಲ್ ಇದ್ದಳು.

ಕಾಯಿಲೆ ಬಿದ್ದ ಮೇಲೆ ಬೆರಿಲ್ ಒಂದೇ ಒಂದು ಫೋಟೋ ತೆಗೆಸಿಕೊಂಡಿರಲಿಲ್ಲ. ಔಷಧಕ್ಕೆ ಕೂದಲು ಉದುರಿತು, ಹುಬ್ಬು ಉದುರಿತು. ಹಳದಿ ಉಣ್ಣೆಯ ಟೋಪಿ ತಲೆಗೇರಿತು, ಮತ್ತೆ ಇಳಿಯಲಿಲ್ಲ. ಯಾರಾದರೂ ಫೋನು ಎತ್ತಿದರೆ ಸಾಕು, ಅಂಗೈ ಮುಖಕ್ಕೆ ಅಡ್ಡ ಬರುತ್ತಿತ್ತು. ಒಡಹುಟ್ಟಿದ ಮಾರೀನ್ ಕೂಡ ಅವಳ ಬರಿದಲೆಯನ್ನು ಕಂಡವಳಲ್ಲ. ಮನೆಯಲ್ಲಿ ಹಳೆಯ ಫೋಟೋಗಳಿಗೇನೂ ಕೊರತೆ ಇರಲಿಲ್ಲ: ಮದುವೆಯದು, ಮಾರ್ಗೇಟಿನ ಸಮುದ್ರ ದಂಡೆಯದು. ಆದರೆ ಆ ದುಂಡುಕೆನ್ನೆಯ ಹೆಂಗಸು ಈಗ ರೆಜ್‌ಗೆ ಯಾರೋ ಪರಿಚಯದವಳ ಹಾಗೆ ಕಾಣುತ್ತಿದ್ದಳು. ಅವನು ತಲೆದಿಂಬು ಸರಿಮಾಡಿದ್ದು, ರಾತ್ರಿ ಚಮಚದಲ್ಲಿ ನೀರು ಹಾಕಿದ್ದು ಇನ್ನೊಂದು ಮುಖಕ್ಕೆ. ಆ ಮುಖ ದಿನದಿನಕ್ಕೆ ಅವನಿಂದ ಜಾರುತ್ತಿತ್ತು. ಬೆಳಿಗ್ಗೆ ಎದ್ದು ನೆನೆಸಿಕೊಳ್ಳಲು ಹೋದರೆ ಹಳದಿ ಟೋಪಿ ಬರುತ್ತಿತ್ತು, ಅದರ ಕೆಳಗೆ ಏನೂ ಬರುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಹೆದರಿಕೆ ಅವನಿಗೆ ಬೇರೆ ಇರಲಿಲ್ಲ.

ಆ ದಿನ ಆಸ್ಪತ್ರೆಯ ವ್ಯಾನು ಬರಬೇಕಿತ್ತು. ಬರಲಿಲ್ಲ. ಕಾದು ಕಾದು ಕೊನೆಗೆ ರೆಜ್ ತನ್ನ ಕಾರನ್ನೇ ತೆಗೆದ. ಓಲ್ಡ್ ಕೆಂಟ್ ರಸ್ತೆಯುದ್ದಕ್ಕೂ ಬೆರಿಲ್ ಅಂಗಡಿಗಳನ್ನು ನೋಡುತ್ತ, ಯಾವುದು ಮುಚ್ಚಿತು, ಯಾವುದು ಹೊಸದಾಗಿ ಬಂತು ಎಂದು ಹೇಳುತ್ತ ಕುಳಿತಿದ್ದಳು. ಸುಂಕದ ಗೆರೆ ದಾಟಿದರು. ರಸ್ತೆಯ ಮೇಲೆ ಕೆಂಪು ವೃತ್ತ ಬಳಿದಿರುತ್ತಾರಲ್ಲ, ಅದನ್ನು ದಾಟಿದ ಕೂಡಲೇ ಸಿಗ್ನಲ್ ಬಿತ್ತು.

"ರೆಜ್, ಅಲ್ನೋಡು, ಕಂಬದ ಮೇಲೆ. ನಮ್ಮನ್ನೇ ನೋಡ್ತಿದೆ."

"ಸುಂಕದ ಕ್ಯಾಮೆರಾ ಅದು. ನಂಬರ್ ಹಿಡಿಯತ್ತೆ, ಅಷ್ಟೆ."

"ಅಂದ್ರೆ ದುಡ್ಡು ಕೊಟ್ಟು ತೆಗೆಸ್ಕೊಳ್ಳೋ ಫೋಟೋ. ತಡಿ ಮತ್ತೆ, ಚೆನ್ನಾಗಿ ಬರ್ಲಿ."

ಹಾಗೆಂದವಳೇ ಟೋಪಿಯನ್ನು ಕಿತ್ತು ಮಡಿಲಲ್ಲಿ ಹಾಕಿಕೊಂಡಳು. ಇಲ್ಲದ ಕೂದಲನ್ನು ಎರಡೂ ಕೈಯಿಂದ ಒಪ್ಪ ಮಾಡಿಕೊಂಡಳು. ಗಲ್ಲವನ್ನು ಸ್ವಲ್ಪ ಎತ್ತಿ ಕಂಬದ ಕಡೆ ನಕ್ಕಳು. ರೆಜ್‌ಗೆ ಓರೆಗಣ್ಣಿಗೆ ಕಂಡದ್ದು ಒಂದು ಕಿವಿ, ಕೆನ್ನೆಯ ಏರು, ನಗೆಯ ತುದಿ ಮಾತ್ರ. ತಿರುಗಿ ನೋಡಬೇಕೆನ್ನುವಷ್ಟರಲ್ಲಿ ದೀಪ ಹಸಿರಾಯಿತು, ಹಿಂದಿನವನು ಹಾರನ್ ಒತ್ತಿದ. ಹಿಂದಿನವನನ್ನು ಕಾಯಿಸಬಾರದೆಂದು ರೆಜ್ ಗಾಡಿ ಬಿಟ್ಟ. ಮತ್ತೆ ನೋಡುವಾಗ ಟೋಪಿ ತಲೆಯ ಮೇಲಿತ್ತು.

"ಮುಖಕ್ಕೆ ಬೆಳಕು ಬಿತ್ತಾ?" ಎಂದು ಬೆರಿಲ್ ಕೇಳಿದಳು.

"ಬಿತ್ತು," ಎಂದು ರೆಜ್ ನೋಡದೇ ಹೇಳಿದ್ದ.

ಆ ವಾರ ಕಳೆಯುವ ಮೊದಲು ಬೆರಿಲ್ ಆಸ್ಪತ್ರೆಯಲ್ಲೇ ತೀರಿಕೊಂಡಳು. ಸುಂಕ ಯಾರಿಗೆ ನೆನಪಿರುತ್ತದೆ? ಆದರೆ ನೋಟಿಸಿನ ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದಾಗ ಅವನಿಗೆ ತಿಳಿದದ್ದು ಇಷ್ಟು. ಸುಂಕ ಕಟ್ಟಿದವರ ಗಾಡಿಯ ಚಿತ್ರವನ್ನು ಕೂಡಲೇ ಅಳಿಸಿಬಿಡುತ್ತಾರೆ; ಕಟ್ಟದವರದನ್ನು ಪ್ರಕರಣ ಮುಗಿಯುವವರೆಗೆ ಇಟ್ಟುಕೊಳ್ಳುತ್ತಾರೆ; ತಕರಾರು ವಿಚಾರಣೆಗೆ ಹೋದರೆ, ಮುಖ ಮುಚ್ಚದ ಮೂಲ ಚಿತ್ರವನ್ನು ತೀರ್ಪುಗಾರರ ಮುಂದೆ ಇಡುತ್ತಾರೆ. ತಾನು ಜೀವನದಲ್ಲಿ ಮರೆತದ್ದು ಒಂದೇ ಬಾಕಿ, ಆ ಮರೆವೇ ಅವಳ ನಗುವನ್ನು ಉಳಿಸಿದೆ ಎಂದು ಅವನಿಗೆ ಅನ್ನಿಸಿತು. ಎಲ್ಲೋ ಒಂದು ಕಚೇರಿಯಲ್ಲಿ ಬೆರಿಲ್ ಟೋಪಿಯಿಲ್ಲದೆ ಗಲ್ಲ ಎತ್ತಿ ಕುಳಿತಿದ್ದಾಳೆ. ವಿಚಾರಣೆಯ ದಿನ ಹೋದರೆ ನೋಡಬಹುದು. ಒಂದೇ ಒಂದು ಸಲ, ಎದುರಿನಿಂದ.

ಹಾಗಾದರೆ ಇದನ್ನು ಮಾರೀನ್‌ಗೆ ಹೇಳಬಾರದಿತ್ತೇ? ಆ ಕಚೇರಿಗೆ ಒಂದು ಸಾಲು ಬರೆದು ಕೇಳಬಾರದಿತ್ತೇ? ಕೇಳುತ್ತೀರಿ, ಸರಿ. ಆದರೆ ಆ ಊರಿನ ಆ ತಲೆಮಾರಿನ ಗಂಡಸರನ್ನು ನೀವು ಕಂಡಿಲ್ಲ. ಅವರ ಬಾಯಿಂದ "ನನಗೆ ಇದು ಬೇಕು" ಎಂಬ ಮಾತು ಹೊರಡಿಸುವುದಕ್ಕಿಂತ ಕಲ್ಲಿನಿಂದ ನಾರು ತೆಗೆಯುವುದು ಸುಲಭ. ಕಾಲ ಮೇಲೆ ಕಬ್ಬಿಣ ಬಿದ್ದರೆ "ಪರವಾಗಿಲ್ಲ" ಅನ್ನುತ್ತಾರೆ. ಹೆಂಡತಿಯ ಶವಪೆಟ್ಟಿಗೆಯ ಪಕ್ಕ ನಿಂತವನನ್ನು ಹೇಗಿದ್ದೀಯಾ ಎಂದರೂ "ಪರವಾಗಿಲ್ಲ". ದಂಡ ಹಾಕುವ ಕಚೇರಿಯವರ ಹತ್ತಿರ ಹೋಗಿ, ಸ್ವಾಮಿ, ನನ್ನ ಹೆಂಡತಿಯ ಫೋಟೋ ಇದ್ದರೆ ಕೊಡಿ ಎಂದು ಕೇಳುವುದೆಂದರೆ ರೆಜ್‌ಗೆ ನಡುಬೀದಿಯಲ್ಲಿ ಬಟ್ಟೆ ಬಿಚ್ಚಿದಂತೆ. ತಕರಾರು ಹಾಕುವುದಾದರೋ ಮರ್ಯಾದೆಯ ದಾರಿ, ಸರದಿಯಲ್ಲಿ ನಿಂತರೆ ಒಂದಲ್ಲ ಒಂದು ದಿನ ತನ್ನ ಪಾಳಿ ಬರುತ್ತದೆ. ಆ ಜನ ಸರದಿಯನ್ನು ದೇವರಿಗಿಂತ ಹೆಚ್ಚು ನಂಬುತ್ತಾರೆ.

ಮೊದಲ ತಕರಾರನ್ನು ಮಾರೀನ್ ಹೇಳಿದಳು, ರೆಜ್ ಬರೆದ.

"'ಕಲ್ಲುಮನಸ್ಸಿನವರು' ಅಂತ ಬರಿ."

"ಅದು ಬೇಡ ಮಾರೀನ್."

"ಸರಿ, 'ನಿಮ್ಮ ಕಚೇರಿಯ ನಡವಳಿಕೆಯಿಂದ ಬೇಸರವಾಗಿದೆ' ಅಂತ ಬರಿ. ನಮ್ಮಲ್ಲಿ ಅದು ಬೈಗುಳಕ್ಕಿಂತ ಜೋರು."

ಉತ್ತರ ಬಂತು. ನಿಮಗಾದ ನಷ್ಟಕ್ಕೆ ನಮ್ಮ ಸಂತಾಪವಿದೆ, ಆದರೂ ನಿಯಮದಂತೆ ದಂಡ ಸರಿಯಾಗಿದೆ, ಒಪ್ಪಿಗೆಯಿಲ್ಲದಿದ್ದರೆ ತೀರ್ಪುಗಾರರ ಮುಂದೆ ಹೋಗಬಹುದು. ಓದಿದ ರೆಜ್‌ನ ಮುಖ ಬಹಳ ದಿನದ ಮೇಲೆ ಅರಳಿತು.

"ಸೋತಿದ್ದಕ್ಕೆ ನಗೋನ್ನ ಇವತ್ತೇ ನೋಡಿದ್ದು," ಎಂದಳು ಮಾರೀನ್. "ತಲೆ ನೆಟ್ಟಗಿದೆಯಾ?"

"ಪರವಾಗಿಲ್ಲ. ವಿಚಾರಣೆಗೆ ಹೋಗೋಣ."

ವಿಚಾರಣೆಯ ದಿನ ಗೊತ್ತಾದ ಮೇಲೆ ರೆಜ್‌ನ ನಡಿಗೆಯೇ ಬದಲಾಯಿತು. ಶವಸಂಸ್ಕಾರಕ್ಕೆ ಹಾಕಿದ್ದ ಸೂಟನ್ನು ಒಗೆಯಲು ಕೊಟ್ಟ. ಬೂಟಿಗೆ ಪಾಲಿಶ್ ಹಾಕಿದ. ಕ್ಷೌರದಂಗಡಿಗೆ ಹೋದರೆ ಅಲ್ಲಿದ್ದ ಸೈಪ್ರಸ್‌ನವನು ಕನ್ನಡಿಯಲ್ಲಿ ಹುಬ್ಬು ಹಾರಿಸಿ, "ಏನ್ ರೆಜ್, ಯಾರನ್ನ ನೋಡೋಕೆ ಹೊರಟಿದ್ದೀರಾ ಇಷ್ಟು ಚೆಂದ ಮಾಡ್ಕೊಂಡು?" ಎಂದ. ರೆಜ್‌ನ ಕತ್ತು ಕೆಂಪಾಯಿತು. ಕಿವಿಯ ಮೇಲಿನ ಕೂದಲು ಇನ್ನೊಂಚೂರು ತೆಗಿ ಎಂದಷ್ಟೇ ಹೇಳಿದ. ಅಲ್ಲಿ ಏನಾಗುತ್ತದೆಂದು ಅವನು ಮನಸ್ಸಿನಲ್ಲೇ ನಡೆಸಿ ನೋಡಿದ್ದ. ಗುಮಾಸ್ತ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸುತ್ತಾನೆ. ಇದು ನಿಮ್ಮ ಗಾಡಿಯೇ ಎನ್ನುತ್ತಾನೆ. ಹೌದು ಎನ್ನಬೇಕು, ಅವಸರ ಮಾಡದೆ. ಹೌದು ಎನ್ನಲು ಎಷ್ಟು ಹೊತ್ತು ತೆಗೆದುಕೊಂಡರೆ ಅಷ್ಟು ಹೊತ್ತು ನೋಡುತ್ತಿರಬಹುದು.

ಇತ್ತ ಮಾರೀನ್ ಸುಮ್ಮನೆ ಕೂರುವವಳೇ? ರೆಜ್ ಬರೆದದ್ದು ಸಪ್ಪೆಯಾಯಿತೆಂದು ಅವಳಿಗೆ ಅನ್ನಿಸಿತ್ತು. ಮುದುಕ ಸೂಟು ಹಾಕಿಕೊಂಡು ಯಾರೋ ಅಪರಿಚಿತರ ಮುಂದೆ ಹೆಂಡತಿಯ ಸಾವನ್ನು ವಿವರಿಸಿ ನಿಲ್ಲಬೇಕಲ್ಲ ಎಂದು ಅವಳು ಎಷ್ಟೋ ರಾತ್ರಿ ಸಂಕಟಪಟ್ಟಿದ್ದಳು. ಅವನಿಗೆ ಹೇಳದೆ ಆಸ್ಪತ್ರೆಗೆ ಹೋಗಿ, ವ್ಯಾನು ಬಾರದೇ ಹೋದದ್ದಕ್ಕೂ ಅಕ್ಕ ಸತ್ತದ್ದಕ್ಕೂ ಪತ್ರ ಮಾಡಿಸಿಕೊಂಡಳು. ಅದರ ಜೊತೆಗೆ ತನ್ನದೊಂದು ಕಾಗದವನ್ನೂ ಇಟ್ಟು ಕಚೇರಿಗೆ ಕಳಿಸಿದಳು. ಆ ಕಾಗದದಲ್ಲಿ 'ಕಲ್ಲುಮನಸ್ಸಿನವರು' ಇತ್ತು, ಇನ್ನೂ ಏನೇನೋ ಇತ್ತು. ಪ್ರೀತಿಯಿಂದ ಮಾಡಿದ ಕೆಲಸ ಅದು. ಅವಳನ್ನು ಯಾರೂ ದೂರಬಾರದು.

ವಿಚಾರಣೆಗೆ ಇನ್ನೇನು ಹೊರಡಬೇಕು ಎನ್ನುವ ವಾರ ಅವಳು ಬೆಳಿಗ್ಗೆಯೇ ಲಿಂಬೆ ಕೇಕು ಹಿಡಿದುಕೊಂಡು ಬಂದಳು. ರೆಜ್‌ನ ಮೇಜಿನ ಮೇಲೆ, ಹಳೆಯ ನೋಟಿಸಿನ ಪಕ್ಕದಲ್ಲಿ, ಒಂದು ಹೊಸ ಕಾಗದ ತೆರೆದು ಬಿದ್ದಿತ್ತು.

"ಬಂತಾ? ನನಗೂ ಒಂದು ಪ್ರತಿ ಕಳಿಸಿದ್ದಾರೆ. ಗೆದ್ದೆ ರೆಜ್! ಎಲ್ಲಾ ರದ್ದು! ಅವರು ವಾದಾನೇ ಮಾಡಲ್ವಂತೆ, ದಂಡಾನೂ ಇಲ್ಲ, ವಿಚಾರಣೇನೂ ಇಲ್ಲ. ನೀನು ಎಲ್ಲಿಗೂ ಹೋಗ್ಬೇಕಾಗಿಲ್ಲ. ನಾನೇ ಕಣಪ್ಪಾ ಮಾಡ್ಸಿದ್ದು, ಬೆನ್ನು ತಟ್ಟು ಒಂಚೂರು!"

ರೆಜ್ ಅವಳ ಮುಖ ನೋಡಿದ. ಅವಳಿಗೆ ಅಷ್ಟು ಸಂತೋಷವಾಗಿತ್ತು. ಅಕ್ಕ ಹೋದ ಮೇಲೆ ಅವಳೂ ಒಮ್ಮೆಯೂ ಹೀಗೆ ನಕ್ಕಿರಲಿಲ್ಲ.

"ಒಳ್ಳೇದಾಯ್ತು ಮಾರೀನ್," ಎಂದ. "ಥ್ಯಾಂಕ್ಸ್."

"ಆ ದರಿದ್ರ ನೋಟಿಸು ಎಲ್ಲಿ? ಇದೇ ತಾನೆ? ಇದರ ಕಾಟ ಇವತ್ತಿಗೆ ಮುಗೀತು," ಎಂದವಳೇ ಅದನ್ನು ನಾಲ್ಕು ಚೂರು ಮಾಡಿ, ಸೋಸಿದ ಚಹಾ ಚರಟದ ಮೇಲೆ ಕಸದ ಡಬ್ಬಿಗೆ ಹಾಕಿದಳು. ರೆಜ್‌ನ ಕೈ ಮೇಜಿನಿಂದ ಸ್ವಲ್ಪ ಮೇಲೆದ್ದು ಮತ್ತೆ ಕೆಳಗಿಳಿಯಿತು. ಅವನು ಕೇಕು ತಿಂದ. ಚೆನ್ನಾಗಿದೆ ಎಂದ. ಅವಳು ಹೋದ ಮೇಲೆ ಡಬ್ಬಿಯಿಂದ ಚೂರುಗಳನ್ನು ಆರಿಸಿದ. ನೆನೆದ ಕಾಗದದಲ್ಲಿ ಗಾಜು ಯಾವುದು, ಚೌಕ ಯಾವುದು ಎಂದು ಗುರುತು ಹತ್ತಲಿಲ್ಲ.

ಆಮೇಲೆ ಅವನು ಕಚೇರಿಗೆ ಫೋನು ಮಾಡಿದ. ಬಹಳ ಹೊತ್ತು ಸಂಗೀತ ಕೇಳಿಸಿದರು. ಕೊನೆಗೊಬ್ಬ ಹುಡುಗಿ ಬಂದಳು, ಒಳ್ಳೆಯ ದನಿಯವಳು.

"ನಿಮ್ಮ ಕೇಸ್ ಮುಗಿದಿದೆ ಸಾರ್. ನೀವೇನೂ ಕಟ್ಟಬೇಕಾಗಿಲ್ಲ."

"ಗೊತ್ತಮ್ಮ. ತೊಂದ್ರೆ ಕೊಡ್ತಿದ್ದೀನಿ, ಕ್ಷಮಿಸಿ. ಒಂದು ಚಿತ್ರ ಇತ್ತಲ್ಲ, ಗಾಡೀದು..."

"ಕೇಸ್ ಮುಗಿದ ಕೂಡ್ಲೇ ಅಳಿಸಿಬಿಡ್ತೀವಿ ಸಾರ್. ನಿಮ್ಮ ಖಾಸಗಿತನಕ್ಕೋಸ್ಕರ. ಇನ್ನು ಅದನ್ನ ಯಾರೂ ನೋಡೋಕಾಗಲ್ಲ, ನಿಶ್ಚಿಂತೆಯಾಗಿರಿ."

"ಅದರಲ್ಲಿ ನನ್ನ ಹೆಂಡತಿ ಇದ್ಳು," ಎಂದ. ಜೀವನದಲ್ಲಿ ಮೊದಲ ಸಲ, ಮುಖ ಕಾಣದ ಒಬ್ಬಳ ಮುಂದೆ, ಅವನು ತನಗೆ ಬೇಕಾದದ್ದನ್ನು ಕೇಳಿದ. "ಅವಳು ಈಗಿಲ್ಲ. ಎಲ್ಲಾದ್ರೂ ಒಂದು ಪ್ರತಿ... ಸಣ್ಣದಾದ್ರೂ..."

ಹುಡುಗಿಯ ದನಿಯಲ್ಲಿನ ಕಚೇರಿ ಕಳಚಿಬಿತ್ತು.

"ಅಯ್ಯೋ. ಸಾರ್, ನೀವು ಮೊದ್ಲೇ ಕೇಳ್ಬಾರ್ದಿತ್ತಾ? ಗಾಡಿ ನಿಮ್ದು, ಒಂದು ಸಾಲು ಬರೆದು ಕೇಳಿದ್ರೆ ಕಳಿಸ್ಕೊಡ್ತಿದ್ವಿ. ಯಾರು ಬೇಕಾದ್ರೂ ಕೇಳ್ಬಹುದು. ಹೋದ ವಾರ ಕೇಳಿದ್ರೂ ಸಿಗ್ತಿತ್ತು."

"ಹೌದಾ," ಎಂದ ರೆಜ್.

"ನನಗೆ ತುಂಬಾ ಬೇಜಾರಾಗ್ತಿದೆ ಸಾರ್."

"ಪರವಾಗಿಲ್ಲಮ್ಮ. ನಿಮ್ಮ ತಪ್ಪೇನಿದೆ," ಎಂದು ಅವಳನ್ನೇ ಸಮಾಧಾನ ಮಾಡಿ ಫೋನು ಇಟ್ಟ. ಇಟ್ಟು, ಕೋಟುಗಳನ್ನು ತೂಗುಹಾಕುವ ಮೊಳೆಗಳ ಕೆಳಗೆ ನೆಲದ ಮೇಲೇ ಕುಳಿತ. ಬೆರಿಲ್ ಸತ್ತ ದಿನವೂ ಅವನು ಹೀಗೆ ಕುಳಿತಿರಲಿಲ್ಲ. ಅಂದು ಸತ್ತದ್ದು ದೇವರ ಕೆಲಸ; ಈಗ ಹೋದದ್ದು ತನ್ನ ಬಾಯಿ ಬಾರದ್ದಕ್ಕೆ ಎಂದು ಅವನಿಗೆ ಗೊತ್ತಿತ್ತು. ಆ ಗೊತ್ತಿಗೆ ಮದ್ದಿಲ್ಲ.

ಮರುದಿನವೋ ಅದರ ಮರುದಿನವೋ ಅವನು ಕಾರು ತೆಗೆದ. ಸೂಟು ಹಾಕಿಕೊಂಡಿದ್ದ. ಓಲ್ಡ್ ಕೆಂಟ್ ರಸ್ತೆ ಹಿಡಿದು ಸುಂಕದ ಗೆರೆ ದಾಟಿ ಅದೇ ಸಿಗ್ನಲ್ಲಿಗೆ ಬಂದ. ದೀಪ ಹಸಿರಿತ್ತು, ಆದರೂ ನಿಧಾನ ಮಾಡಿದ. ಹಿಂದಿನವರು ಹಾರನ್ ಒತ್ತಿದರು, ಒತ್ತಲಿ ಎಂದು ಬಿಟ್ಟ. ಕಂಬದ ಮೇಲಿನ ಕಣ್ಣನ್ನು ನೋಡಿದ. ಮನೆಗೆ ಬಂದು ಸುಂಕ ಕಟ್ಟಲಿಲ್ಲ.

ಹೊಸ ನೋಟಿಸು ಬಾಗಿಲ ಸೀಳಿನಿಂದ ಬಿದ್ದ ದಿನ ಅದನ್ನು ಎತ್ತಿದವಳು ಮಾರೀನ್.

"ಮತ್ತೆ!" ಎಂದು ಅವಳು ಕಿರುಚಿದಳು. "ಮತ್ತೆ ಸುಂಕ ಕಟ್ಟಿಲ್ವಾ? ನಾನು ಆಸ್ಪತ್ರೆ ಮೆಟ್ಲು ಹತ್ತಿ ಇಳಿದು ಒದ್ದಾಡಿ ಬಿಡಿಸಿದ್ರೆ, ನೀನು ಹೋಗಿ ಮತ್ತೆ ಅಲ್ಲೇ ಬಿದ್ಯಾ? ಅಲ್ಲಿ ಯಾವ ನಿಧಿ ಹೂತಿಟ್ಟಿದ್ದೀಯ?"

ರೆಜ್ ನೋಟಿಸು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಅದೇ ನೀಲಿ ಕಾರು, ಅದೇ ಗಾಜು. ಬೂದು ಚೌಕ ಒಂದೇ ಇತ್ತು. ಅದರ ಪಕ್ಕದಲ್ಲಿ ಮುಚ್ಚಲು ಯಾರೂ ಇರಲಿಲ್ಲವಾದ್ದರಿಂದ ಸೀಟು ಸ್ಪಷ್ಟವಾಗಿ ಕಾಣುತ್ತಿತ್ತು. ಬಟ್ಟೆಯ ಹೊಲಿಗೆ ಕಾಣುತ್ತಿತ್ತು, ತೂಗುಬಿದ್ದ ಬೆಲ್ಟು ಕಾಣುತ್ತಿತ್ತು. ಎಷ್ಟು ಒಳ್ಳೆಯ ಕ್ಯಾಮೆರಾ ಅದು. ಹಾಗಾದರೆ ಆವತ್ತು ಅವಳ ಮುಖವೂ ಹೀಗೆಯೇ, ಇಷ್ಟೇ ಚೆನ್ನಾಗಿ ಬಂದಿರಬೇಕು.

ಆಗ ಅವನು ಎಲ್ಲವನ್ನೂ ಹೇಳಿದ. ಟೋಪಿ, ಇಲ್ಲದ ಕೂದಲು, ಗಲ್ಲ ಎತ್ತಿದ್ದು, ದುಡ್ಡು ಕೊಟ್ಟು ತೆಗೆಸ್ಕೊಳ್ಳೋ ಫೋಟೋ ಅಂದದ್ದು, ತಾನು ನೋಡದೇ "ಬಿತ್ತು" ಎಂದದ್ದು. ಹೇಳುವಾಗ ಅವನು ಕಿಟಕಿಯ ಕಡೆಗೇ ತಿರುಗಿದ್ದ. ಮಾರೀನ್ ಕುರ್ಚಿಯ ಬೆನ್ನು ಹಿಡಿದು ಮೆಲ್ಲಗೆ ಕುಳಿತಳು.

"ನಕ್ಳಾ?" ಎಂದು ಕೇಳಿದಳು. "ಟೋಪಿ ತೆಗೆದು?"

"ಹೂಂ."

"ನನಗೂ ತೋರಿಸಿರ್ಲಿಲ್ಲ ಅವಳು. ನನಗೂ ನೋಡ್ಬೇಕಿತ್ತು ರೆಜ್. ಒಂದು ಮಾತು, ಒಂದೇ ಒಂದು ಮಾತು ನನಗೆ ಹೇಳಿದ್ರೆ... ಆ ಕಚೇರಿ ಬಾಗಿಲಲ್ಲಿ ಮಲಗಿ ತರ್ತಿದ್ದೆ. ನಾನೇ ನನ್ನ ಕೈಯಾರೆ..." ಮೇಜಿನ ಮೇಲಿದ್ದ ತನ್ನ ಎರಡು ಕೈಗಳನ್ನು, ಯಾರದೋ ಎಂಬಂತೆ ನೋಡುತ್ತ ಕುಳಿತಳು.

ಚಹಾ ಆರಿಹೋಯಿತು. ಅವಳು ಮೂಗು ಒರೆಸಿಕೊಂಡು, ಹಳೆಯ ಅಭ್ಯಾಸಕ್ಕೆ ಪೆನ್ನು ಹುಡುಕಿದಳು. "ಇದಕ್ಕೂ ತಕರಾರು ಬರೆಯೋಣ್ವಾ?"

ರೆಜ್ ನೋಟಿಸನ್ನು ಮಡಚಿದ.

"ಬೇಡ ಮಾರೀನ್. ಇದನ್ನ ಕಟ್ಟಿಬಿಡ್ತೀನಿ. ಇದರಲ್ಲಿ ತಕರಾರು ಏನೂ ಇಲ್ಲ. ಗಾಡೀಲಿ ನಾನೊಬ್ನೇ ಇದ್ದೆ."